ಐದು ತಿಂಗಳು ಮಲಗುವ ಕಾರಿಗೆ ಹಾಸಿಗೆ ಹಾಸುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನವನು. ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವರ್ಷವಾಯಿತು. ಈ ಬೇಸಿಗೆಯಲ್ಲಿ 1991ರ ಮಾಜ್ದಾ ಎಂಎಕ್ಸ್-5 ಕೊಂಡೆ. ಕೆಂಪು ಬಣ್ಣ, ಎರಡೇ ಸೀಟು, ಹಿಂದಕ್ಕೆ ಮಡಚುವ ಟಾಪು. ಚಳಿಗಾಲದಲ್ಲಿ ಓಡಿಸುವ ಯೋಚನೆ ಇಲ್ಲ. ನಿಲ್ಲಿಸಲು ಎರಡು ಜಾಗ ಇವೆ. ಒಂದು, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗು. ಇನ್ನೊಂದು, ಸಹೋದ್ಯೋಗಿಯೊಬ್ಬರ ತಂದೆಯ ಹಳ್ಳಿಯಲ್ಲಿರುವ ಹಳೇ ಹುಲ್ಲಿನ ಕೊಟ್ಟಿಗೆ. ನಮ್ಮಪ್ಪ ಫೋನಿನಲ್ಲಿ "ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಡು, ಇಲ್ಲದಿದ್ದರೆ ಇಂಜಿನ್ ಜಾಮ್ ಆಗುತ್ತೆ" ಅಂತಾರೆ. ಅವರು ಇಪ್ಪತ್ತು ವರ್ಷ ಫಿಯೆಟ್ ಇಟ್ಟುಕೊಂಡಿದ್ದವರು. ಮುಚ್ಚಲು ನೀರು ನುಗ್ಗದ ದಪ್ಪ ಪ್ಲಾಸ್ಟಿಕ್ ಕವರ್ ತಂದಿದ್ದೇನೆ. ಇನ್ನೇನು ಮಾಡಬೇಕು?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡೋಣ. ಅವರ ಊರಿಗೆ, ಅವರ ಫಿಯೆಟ್‌ಗೆ ಆ ಮಾತು ತಪ್ಪಲ್ಲ. ಕಾರ್ಬುರೇಟರ್ ಕಾರು ಕೆಲವು ವಾರ ನಿಂತರೆ ಅದರ ಪುಟ್ಟ ಬಟ್ಟಲಿನ ಪೆಟ್ರೋಲು ಆರಿಹೋಗುತ್ತಿತ್ತು. ಬೆಳಿಗ್ಗೆ ಚೋಕ್ ಎಳೆದು ಒದ್ದಾಡಬೇಕಿತ್ತು. ಆಗಿನ ಬ್ಯಾಟರಿಗಳೂ ಅಷ್ಟಕ್ಕಷ್ಟೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಚಾಮುಂಡಿ ಬೆಟ್ಟದ ಕಡೆ ಒಂದು ಸುತ್ತು ಹೋಗಿ ಬಂದರೆ ಎಲ್ಲವೂ ಸರಿಯಾಗಿರುತ್ತಿತ್ತು. ಗಮನಿಸಿ, ಹೋಗಿ ಬಂದರೆ. ಸುಮ್ನೆ ನಿಂತಲ್ಲೇ ಓಡಿಸಿ ಆಫ್ ಮಾಡಿದರೆ ಅಲ್ಲ.

ನಿಮ್ಮ ಕಾರಿಗೆ ಭಾನುವಾರದ ಹತ್ತು ನಿಮಿಷ ಔಷಧಿಯಲ್ಲ, ಕಾಯಿಲೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇದು ಶಾಲೆಯ ರಸಾಯನಶಾಸ್ತ್ರವೇ, ಆದರೆ ಯಾರೂ ಕಾರಿನ ಜೊತೆ ಸೇರಿಸಿ ಯೋಚಿಸುವುದಿಲ್ಲ. ಇಂಜಿನ್ ಬಿಸಿಯಾಗಿದ್ದರೆ ಆ ನೀರು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸೊನ್ನೆ ಡಿಗ್ರಿಯ ಗ್ಯಾರೇಜಿನಲ್ಲಿ ಹತ್ತು ನಿಮಿಷ ಐಡಲ್ ಬಿಟ್ಟರೆ ಸೈಲೆನ್ಸರ್ ಕಾಯುವುದೇ ಇಲ್ಲ. ಒಂದು ಸಣ್ಣ ಲೋಟದಷ್ಟು ನೀರಿನಲ್ಲಿ ಬಹುಪಾಲು ಅದರೊಳಗೇ ಉಳಿಯುತ್ತದೆ. ಇನ್ನೊಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ ಆಯಿಲಿಗೆ ಸೇರುತ್ತದೆ. ಜೊತೆಗೆ ಉರಿಯದ ಪೆಟ್ರೋಲೂ ಸೇರುತ್ತದೆ. ಇಪ್ಪತ್ತು ಭಾನುವಾರ ಹೀಗೆ ಮಾಡಿದರೆ ಏಪ್ರಿಲಿನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಕೆಳಗೆ ಮೊಸರಿನಂಥ ಬಿಳಿ ಜಿಡ್ಡು ಕಾಣುತ್ತದೆ. ಬ್ಯಾಟರಿಯೂ ಸ್ಟಾರ್ಟ್ ಮಾಡಲು ಕೊಟ್ಟಷ್ಟನ್ನು ಹತ್ತು ನಿಮಿಷದ ಐಡಲ್‌ನಲ್ಲಿ ವಾಪಸ್ ಪಡೆಯುವುದು ಕಷ್ಟ.

ಹಾಗಾಗಿ ಎರಡರಲ್ಲಿ ಒಂದು. ಓಡಿಸುವುದಾದರೆ ಉಪ್ಪಿಲ್ಲದ ಒಣ ರಸ್ತೆಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ. ಆಗದಿದ್ದರೆ ಮುಟ್ಟಲೇಬೇಡಿ. ಐದು ತಿಂಗಳಲ್ಲಿ ಇಂಜಿನ್ ಜಾಮ್ ಆಗುವುದಿಲ್ಲ. ತಂದೆಯವರಿಗೆ ಹೀಗೆ ಹೇಳಿ ನೋಡಿ: "ಅಪ್ಪಾ, ಇಲ್ಲಿ ಕಾರು ಕರಡಿಯ ಹಾಗೆ ಮಲಗುತ್ತೆ. ಪ್ರತಿ ಭಾನುವಾರ ಎಬ್ಬಿಸಿದರೆ ಬಡವಾಗುತ್ತೆ."

ಚಳಿ ತಾನಾಗಿ ಕಾರಿಗೆ ಮಾಡುವ ಕೇಡು ಕಡಿಮೆ. ಕೇಡೆಲ್ಲ ತೇವದಿಂದ. ಗಾಳಿಯ ತೇವಾಂಶ ಶೇಕಡಾ 60 ದಾಟಿತು ಅಂದರೆ ಉಕ್ಕು ತುಕ್ಕು ಹಿಡಿಯುವ ವೇಗ ಏರುತ್ತದೆ. ಅದರ ಮೇಲೆ ಉಪ್ಪು ಇದ್ದರೆ ಕೇಳುವುದೇ ಬೇಡ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಿ ತಿಂಗಳಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತಲ್ಲ, ಮಳೆ ಅದರ ಮೇಲೆ ಬಿದ್ದೇ ಇರುವುದಿಲ್ಲ. ಜರ್ಮನಿಯ ಚಳಿಗಾಲದ ತೊಂದರೆ ಇನ್ನೊಂದು ಥರದ್ದು. ನಾಲ್ಕು ದಿನ ಮೈನಸ್ ಐದು ಇರುತ್ತದೆ, ಐದನೇ ದಿನ ಪ್ಲಸ್ ಎಂಟಕ್ಕೆ ಏರಿ ಮಳೆ ಬರುತ್ತದೆ. ಕಾರಿನ ಕಬ್ಬಿಣ ಮಾತ್ರ ಇನ್ನೂ ತಣ್ಣಗೇ ಇರುತ್ತದೆ. ಆ ಬೆಚ್ಚನೆಯ ಒದ್ದೆ ಗಾಳಿ ಒಳಗೆ ಬಂದ ಕೂಡಲೇ ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ ಇಡೀ ಕಾರು ಬೆವರುತ್ತದೆ. ಬಾಡಿಯ ಹೊರಗೆ ಮಾತ್ರವಲ್ಲ, ಬಾಗಿಲ ಒಳಗೆ, ಬ್ರೇಕ್ ಡಿಸ್ಕಿನ ಮೇಲೆ, ಟ್ಯಾಂಕಿನ ಖಾಲಿ ಜಾಗದಲ್ಲಿ. ಆ ಬೆವರು ಬೇಗ ಆರಬೇಕು. ನಾನು ಇನ್ನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಇದಕ್ಕಾಗಿಯೇ.

ಆ ಪ್ಲಾಸ್ಟಿಕ್ ಕವರನ್ನು ಅಂಗಡಿ ಒಪ್ಪಿದರೆ ವಾಪಸ್ ಕೊಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಹಳೇ ಮರ್ಸಿಡಿಸ್ ಕೊಂಡಿದ್ದೆ. ಊರಲ್ಲಿ ಭತ್ತದ ರಾಶಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದು ಅಭ್ಯಾಸ. ಕಾರಿಗೂ ಹಾಗೇ ಮಾಡಿದೆ. ಬಹಳ ಜೋಪಾನ ಮಾಡಿದೆ ಅಂತ ಹೆಮ್ಮೆ ಬೇರೆ. ಮಾರ್ಚಿನಲ್ಲಿ ತೆಗೆದಾಗ ಬಾನೆಟ್ಟಿನ ಬಣ್ಣ ಅಲ್ಲಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ನೆಲದಿಂದ ಎದ್ದ ತೇವ ಪ್ಲಾಸ್ಟಿಕ್ಕಿನ ಒಳಮೈಗೆ ತಗುಲಿ, ಹನಿಯಾಗಿ, ಐದು ತಿಂಗಳು ಅಲ್ಲೇ ಕೂತಿತ್ತು. ಒಳಗೆ ನಿಲ್ಲಿಸುವ ಕಾರಿಗೆ ಗಾಳಿಯಾಡುವ ಬಟ್ಟೆಯ ಕವರೇ ಬೇಕು. ಅದು ಸಿಗದಿದ್ದರೆ ಎರಡು ಹಳೇ ಹತ್ತಿ ಬೆಡ್‌ಶೀಟು ಸಾಕು. ಮುಚ್ಚುವ ಮೊದಲು ಕಾರು ಚೊಕ್ಕಟವಾಗಿರಲಿ. ಧೂಳಿನ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದದ ಕೆಲಸ ಆಗುತ್ತದೆ.

ಈಗ ಜಾಗದ ಪ್ರಶ್ನೆ. ನಿಮ್ಮಂಥವರು ಸಾಮಾನ್ಯವಾಗಿ ನೆಲಮಾಳಿಗೆಯನ್ನೇ ಆರಿಸುತ್ತಾರೆ. ಕಾಂಕ್ರೀಟು, ಬೀಗ, ಕ್ಯಾಮೆರಾ, ಬೆಚ್ಚಗೆ ಬೇರೆ. ಒಂದು ಸಂಜೆ ಹೋಗಿ ಅಲ್ಲಿನ ನೆಲ ನೋಡಿ. ನೆರೆಯವರ ಕಾರುಗಳು ಹೊರಗಿನಿಂದ ಹಿಮ, ಉಪ್ಪು ಎರಡನ್ನೂ ಹೊತ್ತು ತಂದು ಅಲ್ಲಿ ಸುರಿಸುತ್ತವೆ. ಇಲ್ಲಿನ ರಸ್ತೆಗೆ ಹಾಕುವುದು ಒಣ ಉಪ್ಪು ಮಾತ್ರ ಅಲ್ಲ. ಏಳು ಪಾಲು ಉಪ್ಪಿಗೆ ಮೂರು ಪಾಲು ಉಪ್ಪುನೀರು ಬೆರೆಸಿ, ರಸ್ತೆಗೆ ಅಂಟಿಕೊಳ್ಳುವ ಹಾಗೆ ಎರಚುತ್ತಾರೆ. ಅದು ಟಯರಿಗೂ ಅಷ್ಟೇ ಚೆನ್ನಾಗಿ ಅಂಟಿಕೊಳ್ಳುತ್ತದೆ. ಗಾಳಿ ಆಡದ ನೆಲಮಾಳಿಗೆಯಲ್ಲಿ ಈ ಉಪ್ಪುನೀರು ಆರದೆ ಇಡೀ ಚಳಿಗಾಲ ತೇವ ಹಿಡಿದಿಡುತ್ತದೆ. ಬೆಚ್ಚಗಿರುವುದು ಅನುಕೂಲವಲ್ಲ. ಉಪ್ಪು, ನೀರು ಎರಡೂ ಇರುವ ಕಡೆ ಬೆಚ್ಚಗಿದ್ದಷ್ಟೂ ತುಕ್ಕಿಗೆ ಹಬ್ಬ.

ಕೊಟ್ಟಿಗೆಗೆ ಅದರದೇ ತಾಪತ್ರಯಗಳಿವೆ. ಚಳಿ ಜಾಸ್ತಿ, ಇಲಿ ಜಾಸ್ತಿ, ನೆಲ ಮಣ್ಣಿನದಾಗಿದ್ದರೆ ಅಡಿಯಿಂದ ತೇವ. ಆದರೆ ಹಲಗೆಯ ಸಂದಿಯಲ್ಲಿ ಗಾಳಿ ಆಡುತ್ತದೆ. ನನಗೆ ಅದೇ ಇಷ್ಟ. ಊಹೆ ಮಾಡುವ ಬದಲು ಅಳೆದುಬಿಡಿ. ತೇವಾಂಶ ತೋರಿಸುವ ಪುಟ್ಟ ಮೀಟರು ಹತ್ತು ಯೂರೋ ಆಸುಪಾಸಿಗೆ ಸಿಗುತ್ತದೆ. ಎರಡು ತಂದು ಎರಡೂ ಕಡೆ ಒಂದು ವಾರ ಇಡಿ. ಯಾವ ಜಾಗದಲ್ಲಿ ಮುಳ್ಳು ಹೆಚ್ಚು ಹೊತ್ತು 60ರ ಕೆಳಗೆ ಇರುತ್ತದೋ ಅದನ್ನು ಆರಿಸಿ. ಎರಡೂ ಕಡೆ 75 ತೋರಿಸಿದರೆ ಉಪ್ಪು ಬರದ ಕಡೆ, ಅಂದರೆ ಕೊಟ್ಟಿಗೆಗೆ ಹೋಗಿ. ಮಣ್ಣಿನ ನೆಲವಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಚಕ್ರ ನಿಲ್ಲುವ ಕಡೆ ಅದರ ಮೇಲೆ ಹಲಗೆ ಇಟ್ಟು, ಕಾರನ್ನು ಹತ್ತಿಸಿ. ಅಂಗಡಿಯವನು ಆ ಕವರ್ ವಾಪಸ್ ತೆಗೆದುಕೊಳ್ಳದಿದ್ದರೆ ಅದನ್ನೇ ಕತ್ತರಿಸಿ ಹಾಸಬಹುದು. ಪ್ಲಾಸ್ಟಿಕ್ಕಿನ ಜಾಗ ಕಾರಿನ ಅಡಿ.

ಹುಲ್ಲಿನ ಪಕ್ಕದಲ್ಲಿ ನಿಲ್ಲಿಸುವುದಾದರೆ ಬ್ಯಾಟರಿ ಕಳಚಲೇಬೇಕು. ಅಂದೇ ಓಡಿಸಿದ ಕಾರಿನ ಸೈಲೆನ್ಸರ್ ಪೂರ್ತಿ ಆರುವವರೆಗೆ ಹುಲ್ಲಿನಿಂದ ದೂರ ಇಡಿ.

ನಂಬರ್ ಪ್ಲೇಟಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜರ್ಮನಿಯಲ್ಲಿ ಋತುವಿಗೆ ಮಾತ್ರ ಚಲಾವಣೆಯಾಗುವ ಪ್ಲೇಟು ಇದೆ. ಬಲ ತುದಿಯಲ್ಲಿ ಮೇಲೊಂದು ಕೆಳಗೊಂದು ತಿಂಗಳ ಸಂಖ್ಯೆ ಇರುತ್ತದೆ. ಮೇಲೆ 04, ಕೆಳಗೆ 10 ಅಂದರೆ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ. ಎರಡರಿಂದ ಹನ್ನೊಂದು ತಿಂಗಳವರೆಗೆ ಎಷ್ಟು ಬೇಕಾದರೂ ಆರಿಸಬಹುದು. ತೆರಿಗೆ, ವಿಮೆಯ ಕಂತು ಎರಡೂ ಆ ತಿಂಗಳುಗಳಿಗಷ್ಟೇ. ಆರು ತಿಂಗಳಿಗಿಂತ ಕಡಿಮೆ ಮಾಡಬೇಡಿ. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ವರ್ಷವರ್ಷ ಸಿಗುವ ವಿಮೆಯ ರಿಯಾಯಿತಿ ಮೆಟ್ಟಿಲು ಸಾಮಾನ್ಯವಾಗಿ ಆರು ತಿಂಗಳು ಚಾಲ್ತಿಯಲ್ಲಿದ್ದರೆ ಮಾತ್ರ ಏರುತ್ತದೆ. ನಿಮ್ಮ ಕಾರಿಗೆ 30 ವರ್ಷ ದಾಟಿದೆ, ಸ್ಥಿತಿ ಚೆನ್ನಾಗಿದ್ದರೆ ಹಳೇ ಕಾರುಗಳ 'ಎಚ್' ಅಕ್ಷರವನ್ನೂ ಪಡೆಯಬಹುದು. 2017ರ ಅಕ್ಟೋಬರಿನಿಂದ ಎಚ್ ಮತ್ತು ಋತು ಪ್ಲೇಟು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವಕಾಶವಿದೆ.

ಆದರೆ ಒಂದು ಕಟ್ಟುನಿಟ್ಟು. ನವೆಂಬರ್ 1ರಿಂದ ಆ ಕಾರು ಸಾರ್ವಜನಿಕ ರಸ್ತೆಯಲ್ಲಿ ಓಡುವುದಷ್ಟೇ ಅಲ್ಲ, ನಿಲ್ಲುವುದೂ ತಪ್ಪು. ಮನೆ ಮುಂದಿನ ಬೀದಿಯೂ ಸಾರ್ವಜನಿಕ ರಸ್ತೆಯೇ. ಅಕ್ಟೋಬರ್ ಕೊನೆಯ ವಾರಾಂತ್ಯಕ್ಕೆ ಕಾಯದೆ, ಅದಕ್ಕೂ ಮುಂಚೆ ಒಂದು ಒಣ ದಿನ ನೋಡಿ ಜಾಗ ಸೇರಿಸಿ. ಮೊದಲ ಉಪ್ಪು ಬೀಳುವ ಮುಂಚೆ ಒಳಗೆ ಹೋದ ಕಾರಿಗೆ ಅರ್ಧ ಕೆಲಸ ಮುಗಿದ ಹಾಗೆ. ನಿಂತಿರುವ ತಿಂಗಳುಗಳಲ್ಲೂ ಕಳ್ಳತನ, ಬೆಂಕಿಯಂಥವಕ್ಕೆ ವಿಮೆ ಮಲಗಿದ ಸ್ಥಿತಿಯಲ್ಲೇ ಮುಂದುವರಿಯುತ್ತದೆ, ಆ ಭಾಗವನ್ನು ನೀವು ಮೊದಲೇ ತೆಗೆದುಕೊಂಡಿದ್ದರೆ. ಅದಕ್ಕೆ ಕಾರು ಗೋಡೆ ಅಥವಾ ಬೇಲಿಯ ಒಳಗಿರಬೇಕು ಎಂಬ ಷರತ್ತು ಇರುತ್ತದೆ. ಕೊಟ್ಟಿಗೆಯ ವಿಳಾಸವನ್ನು ವಿಮೆಯವರಿಗೆ ಒಂದು ಸಾಲು ಬರೆದು ತಿಳಿಸಿಬಿಡಿ.

ಮಲಗಿಸುವ ವಾರದ ಕೆಲಸಗಳಿಗೆ ಬರೋಣ. ಮೊದಲು ಸ್ನಾನ. ಬ್ರಷ್ ತಿರುಗುವ ಮೆಷಿನ್ ಬೇಡ, ಟಾಪು ಹಾಳಾಗುತ್ತದೆ. ನಾಣ್ಯ ಹಾಕಿ ನಾವೇ ತೊಳೆಯುವ ಜಾಗಕ್ಕೆ ಹೋಗಿ. ಚಕ್ರದ ಕಮಾನಿನ ಒಳಗೆ, ಕಾರಿನ ಅಡಿಗೆ ಪೈಪು ಹಿಡಿದು ಕೊಳೆ ಇಳಿಸಿ. ಪ್ರೆಷರ್ ಪೈಪನ್ನು ಟಾಪಿನ ಹೊಲಿಗೆಗೆ, ಬಾಗಿಲ ರಬ್ಬರಿಗೆ ಹತ್ತಿರ ಹಿಡಿಯಬೇಡಿ. ಹಕ್ಕಿ ಹಿಕ್ಕೆ, ಸತ್ತ ಹುಳ ಒಂದೂ ಉಳಿಯಬಾರದು. ಐದು ತಿಂಗಳಲ್ಲಿ ಅವು ಬಣ್ಣ ತಿನ್ನುತ್ತವೆ. ತೊಳೆದ ಮೇಲೆ ಸೀದಾ ಕೊಟ್ಟಿಗೆಗೆ ಒಯ್ಯಬೇಡಿ. ಇಂಜಿನ್, ಬ್ರೇಕು ಎಲ್ಲ ಬಿಸಿಯಾಗುವ ಹಾಗೆ ಮೂವತ್ತು ಕಿಲೋಮೀಟರ್ ಓಡಿಸಿ, ಬಿಸಿಲಿದ್ದರೆ ಬಾಗಿಲು ತೆರೆದು ಒಣಗಿಸಿ. ವ್ಯಾಕ್ಸ್ ಹಚ್ಚಿದರೆ ಒಳ್ಳೆಯದು.

ಈಗ ನಿಮ್ಮ ಮಾದರಿಯ ಕಾರಿಗೇ ವಿಶೇಷವಾದ ಒಂದು ಮಾತು. ಮಿಕ್ಕಿದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. 1989ರ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಇಂಜಿನ್ ಗಟ್ಟಿ, ಗೇರ್‌ಬಾಕ್ಸ್ ಗಟ್ಟಿ. ಯೂರೋಪಿನಲ್ಲಿ ಈ ಕಾರು ಸಾಯುವುದು ಹೊಸ್ತಿಲಿನಿಂದ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿ ಇದೆಯಲ್ಲ, ಅದರ ಹಿಂತುದಿ, ಹಿಂದಿನ ಚಕ್ರದ ಮುಂದೆ. ಅಲ್ಲಿ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತು ಅಂದರೆ ಒಳಗೆ ತಗಡು ಆಗಲೇ ರೊಟ್ಟಿಯಂತೆ ತೂತಾಗಿರುತ್ತದೆ. ಅದು ಕಾರಿನ ಬಲ ಹೊರುವ ಭಾಗ. ಹಾಗಾಗಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಕಾರು ಅಲ್ಲೇ ಫೇಲ್.

ಆ ನೀರು ಬರುವುದು ಎಲ್ಲಿಂದ? ಟಾಪಿನ ಹಿಂಭಾಗ ಬಾಡಿಗೆ ಸೇರುವ ಕಡೆ, ಒಳಗೆ, ಸೂರಿನ ದೋಣಿಯ ಹಾಗೆ ಒಂದು ದೋಣಿ ಇದೆ. ಟಾಪಿನ ಮೇಲೆ ಬಿದ್ದ ಮಳೆ ಅದರಲ್ಲಿ ಕೂಡಿ, ಎಡಕ್ಕೊಂದು ಬಲಕ್ಕೊಂದು ಕೊಳವೆಯಲ್ಲಿ ಇಳಿಯುತ್ತದೆ. ಸೀಟ್ ಬೆಲ್ಟ್ ಸುತ್ತಿಕೊಳ್ಳುವ ಗೂಡಿನ ಹಿಂದೆ ಇಣುಕಿ ನೋಡಿದರೆ ಕೊಳವೆಯ ಬಾಯಿ ಕಾಣುತ್ತದೆ. ನೀರು ಕಾರಿನ ಅಡಿ, ಹಿಂದಿನ ಚಕ್ರದ ಮುಂದೆ, ಹೊರಬೀಳಬೇಕು. ಎಲೆ, ಹೂವಿನ ಪುಡಿ, ಟಾಪಿನ ನೂಲು ಎಲ್ಲ ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ತುಳುಕಿ ಹೊಸ್ತಿಲಿನ ಟೊಳ್ಳಿಗೆ, ಕಾರ್ಪೆಟ್ಟಿನ ಅಡಿಗೆ ಇಳಿಯುತ್ತದೆ. ಕಾರು ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೆರೆ.

ಅರ್ಧ ಲೀಟರ್ ನೀರನ್ನು ನಿಧಾನವಾಗಿ ದೋಣಿಗೆ ಹುಯ್ದು ನೋಡಿ. ಎರಡೂ ಕಡೆ ಸರಾಗವಾಗಿ ಕೆಳಗೆ ಸುರಿದರೆ ಸಂತೋಷ. ತೊಟ್ಟಿಕ್ಕಿದರೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರ ತೆಗೆದುಕೊಂಡು, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೇಲಿನಿಂದ ಇಳಿಬಿಟ್ಟು ಆಡಿಸಿ. ಜೋರು ಗಾಳಿ ಊದಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಇನ್ನೂ ದೊಡ್ಡ ರಗಳೆ. ಬಾಗಿಲ ಅಂಚಿನ ಅಡಿಯಲ್ಲೂ ಸಣ್ಣ ತೂತುಗಳಿವೆ, ಅವನ್ನೂ ಕಡ್ಡಿಯಿಂದ ಬಿಡಿಸಿ. ಸೀಟಿನ ಹಿಂದಿನ ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿ. ಒದ್ದೆ ಇದ್ದರೆ ಮನೆಗೆ ಒಯ್ದು ಹೀಟರ್ ಪಕ್ಕ ಒಣಗಿಸಿ. ಒದ್ದೆ ಕಾರ್ಪೆಟ್ ಇಟ್ಟುಕೊಂಡು ಕಾರು ಮಲಗಿಸುವುದು ಒದ್ದೆ ಚಡ್ಡಿ ಹಾಕಿ ಮಗುವನ್ನು ಮಲಗಿಸಿದ ಹಾಗೆ.

ಹೊಸ್ತಿಲು ಇನ್ನೂ ಗಟ್ಟಿ ಇದ್ದರೆ ಈ ವರ್ಷವೇ ಟೊಳ್ಳುಗಳ ಒಳಗೆ ವ್ಯಾಕ್ಸ್ ಅಥವಾ ಗ್ರೀಸ್ ಹೊಡೆಸಿ. ನಮ್ಮೂರಲ್ಲಿ ಹೊಸ ಕಾರಿಗೆ ಅಡಿಯಲ್ಲಿ ಕಪ್ಪು ಕೋಟಿಂಗ್ ಬಳಿಯುತ್ತಾರಲ್ಲ, ಅದಲ್ಲ. ಹಳೇ ತುಕ್ಕಿನ ಮೇಲೆ ಅದನ್ನು ಬಳಿದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ಅದರ ಅಡಿಯಲ್ಲಿ ತುಕ್ಕು ನೆಮ್ಮದಿಯಾಗಿ ಬೆಳೆಯುತ್ತದೆ.

ಇಂಜಿನ್ ಆಯಿಲನ್ನು ಮಲಗಿಸುವ ಮುಂಚೆ ಬದಲಿಸಿ, ಎದ್ದ ಮೇಲಲ್ಲ. ಬಳಸಿದ ಆಯಿಲಿನಲ್ಲಿ ಆಮ್ಲ, ನೀರು, ಪೆಟ್ರೋಲ್ ಸೇರಿರುತ್ತವೆ. ಬೇರಿಂಗುಗಳು ಐದು ತಿಂಗಳು ಅದರಲ್ಲೇ ನೆನೆಯುವುದು ಬೇಡ. ಕೂಲೆಂಟ್ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಯಾವ ಗ್ಯಾರೇಜಿನಲ್ಲಾದರೂ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಮೈನಸ್ 25 ಇದ್ದರೆ ಸಾಕು. ಹಿಂದಿನ ಮಾಲೀಕರು ಬೇಸಿಗೆಯಲ್ಲಿ ಬರೀ ನೀರು ತುಂಬಿಸಿದ್ದರೆ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆಗ ಇಂಜಿನ್ ಬ್ಲಾಕೇ ಸೀಳಬಹುದು. ಗಾಜು ತೊಳೆಯುವ ನೀರಿನ ಡಬ್ಬಿಗೂ ಇದೇ ಮಾತು.

ಪೆಟ್ರೋಲ್ ಟ್ಯಾಂಕ್ ತುಂಬಿಸಿ. ನಿಮ್ಮದು 45 ಲೀಟರಿನದು. ತುಂಬಿದ ಟ್ಯಾಂಕಿನಲ್ಲಿ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಬೆವರೂ ಕಡಿಮೆ. ಪಂಪಿನ ಪೈಪು ಟಕ್ ಅಂದ ಮೇಲೆ ಮತ್ತೆ ಒತ್ತಿ ತುರುಕಬೇಡಿ. ಇ10 ಬೇಡ. ಅದರಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಥನಾಲ್ ಕಡಿಮೆ ಇರುವ ಸೂಪರ್ ಪ್ಲಸ್ ಪೆಟ್ರೋಲ್ ಹಾಕಿಸಿ. ಪೆಟ್ರೋಲ್ ಕೆಡದಂತೆ ಸೇರಿಸುವ ದ್ರವ ಐದು ತಿಂಗಳಿಗೆ ಕಡ್ಡಾಯವಲ್ಲ. ಹಾಕುವುದಾದರೆ ಕೊನೆಯ ಸವಾರಿಗೆ ಮುಂಚೆ ಹಾಕಿ, ಇಂಜೆಕ್ಟರ್‌ವರೆಗೂ ತಲುಪಲಿ.

ಬ್ಯಾಟರಿ ಎಲ್ಲಿದೆ ಅಂತ ಬಾನೆಟ್ ಎತ್ತಿ ಹುಡುಕಬೇಡಿ, ಡಿಕ್ಕಿಯಲ್ಲಿದೆ, ಬಲಗಡೆ. ಕೊಟ್ಟಿಗೆಯಲ್ಲೂ ನೆಲಮಾಳಿಗೆಯಲ್ಲೂ ಪ್ಲಗ್ ಪಾಯಿಂಟ್ ಇರುವುದು ಅನುಮಾನ. ಬಿಚ್ಚಿ ಮನೆಗೆ ತನ್ನಿ. ಮೊದಲು ಮೈನಸ್ ವೈರು, ಆಮೇಲೆ ಪ್ಲಸ್. ಗಾಳಿ ಹೊರಹೋಗುವ ಸಣ್ಣ ಪೈಪು ಅದಕ್ಕೆ ಸಿಕ್ಕಿಸಿರುತ್ತದೆ, ಮತ್ತೆ ಕೂರಿಸುವಾಗ ಅದನ್ನು ಮರೆಯಬಾರದು. ರೇಡಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಡಿ. ಪೂರ್ತಿ ಚಾರ್ಜಾದ ಬ್ಯಾಟರಿ ಮೀಟರಿನಲ್ಲಿ 12.7 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ತಾನಾಗಿ ನಿಂತು ಮತ್ತೆ ಶುರುವಾಗುವ ಸಣ್ಣ ಚಾರ್ಜರ್ ಇದ್ದರೆ ತಲೆನೋವೇ ಇಲ್ಲ. ಒಳಗಿನ ದ್ರವ ತುಳುಕದ ಜೆಲ್ ಅಥವಾ ಎಜಿಎಂ ಎಂಬ ಜಾತಿಯ ಬ್ಯಾಟರಿಯಾಗಿದ್ದರೆ ಚಾರ್ಜರ್ ಅದಕ್ಕೆ ಒಗ್ಗುತ್ತದೆಯೇ ಅಂತ ನೋಡಿಕೊಳ್ಳಿ. ಕಾರಿನಲ್ಲೇ ಬಿಟ್ಟು, ಅದು ಖಾಲಿಯಾಗಿ, ಹೊರಗೆ ಮೈನಸ್ ಹತ್ತು ಆದರೆ ಒಳಗಿನ ದ್ರವ ಹೆಪ್ಪುಗಟ್ಟಿ ಡಬ್ಬಿ ಬಿರಿಯುತ್ತದೆ. ತುಂಬಿದ ಬ್ಯಾಟರಿಗೆ ಆ ಚಳಿ ಲೆಕ್ಕಕ್ಕೇ ಇಲ್ಲ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅಂತ ಊರಿನ ಮೆಕ್ಯಾನಿಕ್ಕುಗಳು ಹೇಳುವುದು ಹಳೇ ಕಾಲದ ರಬ್ಬರ್ ಡಬ್ಬಿಯ ಕತೆ. ಈಗಿನವಕ್ಕೆ ಏನೂ ಆಗುವುದಿಲ್ಲ.

ಟಯರಿಗೆ ಮಾಮೂಲಿ ಗಾಳಿ 1.8 ಬಾರ್. ನಿಲ್ಲಿಸುವಾಗ 2.8ರಿಂದ 3ಕ್ಕೆ ಏರಿಸಿ, ಟಯರಿನ ಪಕ್ಕೆಯಲ್ಲಿ ಬರೆದ ಗರಿಷ್ಠ ಮಿತಿ ಮೀರದ ಹಾಗೆ. ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುವುದು ಇದರಿಂದ ತಪ್ಪುತ್ತದೆ. ಹತ್ತು ಡಿಗ್ರಿ ತಂಪು ಇಳಿದರೆ ಒಂದು ಬಾರಿನ ಹತ್ತನೇ ಒಂದು ಪಾಲು ಗಾಳಿಯೂ ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಕಿ ಕೊಟ್ಟು ನಾಲ್ಕೂ ಚಕ್ರ ಎತ್ತಿಡುವವರಿದ್ದಾರೆ. ನಾನು ಮಾಡುವುದಿಲ್ಲ. ಚಕ್ರ ಜೋತುಬಿದ್ದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ಷುಗಳು ತಿರುಚಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಟಯರಿನ ಪಕ್ಕೆಯ ನಾಲ್ಕಂಕಿಯನ್ನೂ ಈಗಲೇ ಓದಿ. 2314 ಅಂತಿದ್ದರೆ 2014ರ 23ನೇ ವಾರದ್ದು. ಇಂಥ ಕಾರುಗಳು ಕಡಿಮೆ ಓಡುವುದರಿಂದ ಗೀರು ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಕಲ್ಲಾಗಿರುತ್ತದೆ. ಹತ್ತು ವರ್ಷ ದಾಟಿದ್ದರೆ ವಸಂತದಲ್ಲಿ ಹೊಸದು ಹಾಕಿಸಿ.

ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಈ ಕಾರಿನ ಹಿಂದಿನ ಬ್ರೇಕಿನ ಹ್ಯಾಂಡ್ ಬ್ರೇಕ್ ಭಾಗ ಹಿಡಿದುಕೊಳ್ಳುವುದಕ್ಕೆ ಮೊದಲೇ ಹೆಸರುವಾಸಿ. ಮೊದಲ ಗೇರಿನಲ್ಲಿ ಬಿಟ್ಟು, ಘಾಟಿಯಲ್ಲಿ ಲಾರಿಯವರು ಕೊಡುವ ಹಾಗೆ ಚಕ್ರಕ್ಕೆ ಹಿಂದೊಂದು ಮುಂದೊಂದು ಕಲ್ಲು ಅಥವಾ ಮರದ ತುಂಡು ಕೊಡಿ. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಅದೂ ನೀರು ಕುಡಿಯುವ ಜಾತಿಯದೇ.

ಟಾಪನ್ನು ಹಾಕಿ, ಕೊಂಡಿ ಬಿಗಿದೇ ನಿಲ್ಲಿಸಿ. ಮಡಚಿಟ್ಟರೆ ಮಡಿಕೆಗಳು ಹಾಗೇ ಉಳಿಯುತ್ತವೆ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಚಳಿಯಲ್ಲಿ ಅದು ಹಪ್ಪಳವೇ. ಜನವರಿಯಲ್ಲಿ ಸ್ನೇಹಿತರಿಗೆ ತೋರಿಸಲೆಂದು ಟಾಪ್ ಇಳಿಸಲು ಹೋಗಿ ಪಟ್ ಅನ್ನಿಸಿಕೊಂಡವರನ್ನು ನೋಡಿದ್ದೇನೆ. ಬಾಗಿಲ ರಬ್ಬರಿಗೆ ಸಿಲಿಕಾನ್ ಅಥವಾ ಗ್ಲಿಸರಿನ್ ಸವರಿ. ಕಾರಿನ ಒಳಗೆ ತೇವ ಹೀರಲು ಸಿಲಿಕಾ ಜೆಲ್ ಚೀಲ ಇಡಬಹುದು. ಆದರೆ ನೀರಾಗಿ ಡಬ್ಬಿಯಲ್ಲಿ ತುಂಬಿಕೊಳ್ಳುವ ಬಿಳಿ ಹರಳಿನ ಡಬ್ಬಿಗಳು ಬೇಡ. ಆ ಹರಳು ಕ್ಯಾಲ್ಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಡಬ್ಬಿ ಉರುಳಿತೋ, ರಸ್ತೆಯಲ್ಲಿ ತಪ್ಪಿಸಿದ್ದನ್ನು ಮನೆಗೇ ಕರೆದು ಕೂರಿಸಿದ ಹಾಗೆ.

ಇನ್ನು ಇಲಿ. ಕೊಟ್ಟಿಗೆ ಅಂದ ಮೇಲೆ ಇಲಿ ಇದ್ದೇ ಇರುತ್ತದೆ. ಅದಕ್ಕೆ ಏರ್ ಫಿಲ್ಟರ್ ಡಬ್ಬಿ ಅಂದರೆ ಹವಾನಿಯಂತ್ರಿತ ಫ್ಲಾಟು. ಒಂದು ವರ್ಷ ನಾನು ಒಂದು ಕಾರನ್ನು ಏಪ್ರಿಲಿನಲ್ಲಿ ಸ್ಟಾರ್ಟ್ ಮಾಡಿ ಹೀಟರ್ ಹಾಕಿದರೆ ಸೀಟಿನ ಸ್ಪಂಜು, ಅಕ್ರೋಟಿನ ಸಿಪ್ಪೆ ಎಲ್ಲ ಮುಖಕ್ಕೆ ಹಾರಿತು. ವಾಸನೆ ಹೋಗಲು ಎರಡು ಬೇಸಿಗೆ ಬೇಕಾಯಿತು. ಗಾಳಿ ಎಳೆಯುವ ಬಾಯಿಗೂ ಸೈಲೆನ್ಸರ್ ಬಾಯಿಗೂ ತಂತಿಬಲೆ ಅಥವಾ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ. ಎಲ್ಲೆಲ್ಲಿ ತುರುಕಿದ್ದೀರಿ ಅಂತ ಚೀಟಿ ಬರೆದು ಸ್ಟಿಯರಿಂಗಿಗೆ ಕಟ್ಟಿ. ಇದನ್ನು ತಮಾಷೆ ಅಂದುಕೊಳ್ಳಬೇಡಿ, ಐದು ತಿಂಗಳಲ್ಲಿ ಖಂಡಿತ ಮರೆಯುತ್ತದೆ. ಕಿಟಕಿಗಳನ್ನು ಪೂರ್ತಿ ಮುಚ್ಚಿ. ಇಲಿ ಬಾರದ ಜಾಗವಾಗಿದ್ದರೆ ಒಂದು ಬೆರಳಷ್ಟು ತೆರೆದಿಡಿ ಅನ್ನುತ್ತಿದ್ದೆ. ಒಳಗೆ ಬಿಸ್ಕತ್ತಿನ ಪುಡಿಯೂ ಉಳಿಯಬಾರದು. ಊರಿಂದ ತಂದ ನುಸಿಗುಳಿಗೆ ಹಾಕುವ ಆಸೆಯಾದರೆ ತಡೆದುಕೊಳ್ಳಿ. ಇಲಿ ಹೋಗುತ್ತದೋ ಇಲ್ಲವೋ, ನಿಮ್ಮ ಕಾರು ಅಜ್ಜಿಯ ರೇಷ್ಮೆ ಸೀರೆಯ ಟ್ರಂಕಿನ ವಾಸನೆ ಮಾತ್ರ ಬಿಡುವುದಿಲ್ಲ.

ಇಲ್ಲಿನ ಇನ್ನೊಬ್ಬ ಖಳನಾಯಕ ಮಾರ್ಡರ್. ದೂರದಿಂದ ಮುಂಗುಸಿಯಂತೆ ಕಾಣುತ್ತದೆ, ರಾತ್ರಿ ಬಾನೆಟ್ಟಿನೊಳಗೆ ಹೊಕ್ಕು ವೈರು, ರಬ್ಬರ್ ಪೈಪು ಕಚ್ಚುತ್ತದೆ. ಇದರ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ನೀಲಗಿರಿ ಮಾರ್ಟೆನ್ ಅಂತ, ಪಾಪ ಅದು ಕಾಡು ಬಿಟ್ಟು ಬರುವುದಿಲ್ಲ. ಮಾರ್ಡರ್ ಹೆಚ್ಚು ಕೆರಳುವುದು ವಸಂತ, ಬೇಸಿಗೆಯಲ್ಲಿ, ಬೇರೊಂದು ಮಾರ್ಡರ್‌ನ ವಾಸನೆ ಹೊತ್ತು ಬಂದ ಕಾರು ಕಂಡಾಗ. ಒಂದೇ ಕಡೆ ನಿಂತ ಕಾರಿಗೆ ಅಪಾಯ ಕಡಿಮೆ. ಇಂಜಿನ್ ಅಡಿಯ ನೆಲಕ್ಕೆ ಕೋಳಿಗೂಡಿನ ತಂತಿಬಲೆ ಹಾಸಿದರೆ ಅದಕ್ಕೆ ಕಾಲಿಡಲು ಮುಜುಗರ. ವಿಮೆಯಲ್ಲಿ ಮಾರ್ಡರ್ ಕಡಿತ ಅಂತ ಒಂದು ಸಾಲು ಇರುತ್ತದೆ. ಕಡಿದ ಪೈಪಿಗಷ್ಟೇ ದುಡ್ಡೋ, ಅದರಿಂದ ಇಂಜಿನ್ ಕೆಟ್ಟರೂ ಕೊಡುತ್ತಾರೋ ಅಂತ ಓದಿಕೊಳ್ಳಿ. ವ್ಯತ್ಯಾಸ ಸಾವಿರಾರು ಯೂರೋ.

ತಿಂಗಳಿಗೊಮ್ಮೆ ಹೋಗಿ ಒಂದು ಸುತ್ತು ನೋಡಿ ಬನ್ನಿ. ಕೀ ಒಯ್ಯಬೇಡಿ, ಆಸೆಯಾಗುತ್ತದೆ. ಟಾರ್ಚ್ ಹಿಡಿದು ಅಡಿಯಲ್ಲಿ ಹನಿ ಬಿದ್ದಿದೆಯೇ, ಇಲಿ ಹಿಕ್ಕೆ ಇದೆಯೇ ನೋಡಿ. ತೇವಾಂಶದ ಮೀಟರು ಏನು ಹೇಳುತ್ತದೆ ನೋಡಿ. ಕೊಟ್ಟಿಗೆಯ ಯಜಮಾನರಿಗೆ ಒಂದು ಡಬ್ಬಿ ಮೈಸೂರು ಪಾಕು ಕೊಟ್ಟರೆ ಅವರೇ ನೋಡಿಕೊಂಡಾರು.

ಏಪ್ರಿಲ್ ಬಂತು ಅಂತ 1ನೇ ತಾರೀಕೇ ಓಡಬೇಡಿ. ರಸ್ತೆಯ ಉಪ್ಪನ್ನು ತೊಳೆಯಲು ಒಂದೆರಡು ಒಳ್ಳೆಯ ಮಳೆ ಬೀಳಲಿ. ಮೊದಲು ಚೀಟಿ ಓದಿ, ತುರುಕಿದ್ದನ್ನೆಲ್ಲ ತೆಗೆಯಿರಿ. ಬ್ಯಾಟರಿ ಕೂರಿಸಿ, ಈ ಸಲ ಪ್ಲಸ್ ಮೊದಲು. ಗಾಳಿಯನ್ನು 1.8ಕ್ಕೆ ಇಳಿಸಿ. ಬ್ರೇಕ್ ಪೆಡಲ್ ನಾಲ್ಕಾರು ಸಲ ತುಳಿದು ಗಟ್ಟಿ ಇದೆಯೇ ನೋಡಿ. ಡಿಸ್ಕಿನ ಮೇಲಿನ ಕಿತ್ತಳೆ ಬಣ್ಣದ ತೆಳು ತುಕ್ಕು ನಾಲ್ಕೈದು ಬ್ರೇಕಿಗೆ ಉಜ್ಜಿಹೋಗುತ್ತದೆ, ಕರಕರ ಸದ್ದಿಗೆ ಹೆದರಬೇಡಿ. ಫಿಟ್‌ನೆಸ್ ಪರೀಕ್ಷೆಯ ಗಡುವು ಚಳಿಗಾಲದ ಮಧ್ಯೆ ಬಂದಿದ್ದರೆ ಪ್ಲೇಟು ಚಾಲ್ತಿಗೆ ಬಂದ ಮೊದಲ ತಿಂಗಳಲ್ಲೇ ಮಾಡಿಸಬೇಕು. ಏಪ್ರಿಲ್ ತಪ್ಪಿಸಬೇಡಿ.

ಸ್ಟಾರ್ಟ್ ಆದ ಕೂಡಲೇ ಮೇಲಿನಿಂದ ಹೊಲಿಗೆ ಯಂತ್ರದಂತೆ ಟಕ ಟಕ ಸದ್ದು ಬಂದರೆ ಹೆದರಿ ಆಫ್ ಮಾಡಬೇಡಿ. ಈ ಇಂಜಿನ್ನಿನ ವಾಲ್ವುಗಳ ಮೇಲಿನ ಪುಟ್ಟ ಲೋಟಗಳು ಆಯಿಲ್ ತುಂಬಿಕೊಂಡು ಕೆಲಸ ಮಾಡುವಂಥವು. ತಿಂಗಳುಗಟ್ಟಲೆ ನಿಂತಾಗ ಆಯಿಲ್ ಇಳಿದುಹೋಗಿರುತ್ತದೆ. ತುಂಬಿಕೊಳ್ಳಲಿ, ಆಕ್ಸಿಲರೇಟರ್ ತುಳಿಯದೆ ಬಿಡಿ, ಆಮೇಲೆ ಮೆಲ್ಲಗೆ ಓಡಿಸಿ. ಆಯಿಲ್ ಪ್ರೆಷರಿನ ಮುಳ್ಳು ಏಳದಿದ್ದರೆ ಮಾತ್ರ ತಕ್ಷಣ ನಿಲ್ಲಿಸಿ. ಅರ್ಧ ಗಂಟೆ ಓಡಿಸಿದ ಮೇಲೂ ಸದ್ದು ನಿಲ್ಲದಿದ್ದರೆ, ಯಾವ ಆಯಿಲ್ ಹಾಕಿಸಿದ್ದೀರಿ ಅಂತ ಸೇರಿಸಿ ಮತ್ತೆ ಬರೆಯಿರಿ.